ದುಂಬಿಗಾಗಿ ಬರೆದ ಪಟ್ಟಿ

ಫೆಬ್ರವರಿ 9

ಲೋ ಇಂಚುಪಟ್ಟಿ,

ಹೊಸ ವರ್ಷದ ಪತ್ರ ಬಂದಾಯ್ತಲ್ಲ, ಅಕ್ಕನದು ಮಧ್ಯದಲ್ಲಿ ಇದೇನು ಅಂತ ಹುಬ್ಬು ಗಂಟಿಕ್ಕಿರ್ತೀಯ. ಗೊತ್ತು. ಸುತ್ತಿ ಬಳಸಿ ಹೇಳೋಕೆ ಈಗ ಪುರುಸೊತ್ತಿಲ್ಲ, ನೇರವಾಗಿ ಬರೀತೀನಿ.

ನನ್ನ ಹೊಟ್ಟೆಯಲ್ಲೊಂದು ಗಡ್ಡೆ ಇದೆಯಂತೆ. ಮಾರ್ಚ್ ಇಪ್ಪತ್ತಕ್ಕೆ ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್. ತೆಗೆದು ಪರೀಕ್ಷೆಗೆ ಕಳಿಸ್ತಾರಂತೆ. ಹದಿನಾಲ್ಕು ವರ್ಷದಿಂದ ಈ ಆಸ್ಪತ್ರೆಯ ಚಾದರ ಒಗೆದು ಇಸ್ತ್ರಿ ಮಾಡಿದ್ದೀನಿ, ಈಗ ಅದರ ಮೇಲೆ ನಾನೇ ಮಲಗೋ ಯೋಗ ಬಂತು ನೋಡು. ನಗಬೇಕೋ ಅಳಬೇಕೋ ತಿಳೀತಿಲ್ಲ. ಮೊದಲೇ ಹೋಗಿ ಸೇರ್ಕೋಬೇಕು, ಆಮೇಲೂ ತಿಂಗಳೊಪ್ಪತ್ತು ಭಾರ ಎತ್ತೋ ಹಾಗಿಲ್ಲ. ಒಟ್ಟು ಆರು ವಾರ.

ಆರು ವಾರ ದುಂಬಿಯನ್ನು ಎಲ್ಲಿ ಬಿಡಲಿ ಹೇಳು? ಅವಳಪ್ಪ ಬೇರೆ ಸಂಸಾರ ಹೂಡಿ ಏಳು ವರ್ಷವಾಯ್ತು, ಆ ಕಡೆ ನಾನು ತಲೆ ಹಾಕಿಯೂ ಮಲಗಲ್ಲ. ಪಕ್ಕದ ಮನೆಯವರು ಒಂದು ಮಧ್ಯಾಹ್ನ ಇಟ್ಟುಕೊಂಡು ಸುಸ್ತಾಗಿ ಹೋದರು. ಹನ್ನೊಂದು ವರ್ಷದ ಹುಡುಗಿ. ಸ್ಕೂಲಲ್ಲಿ ಚಿನ್ನದಂಥ ಮಗು ಅಂತಾರೆ. ಮನೆಗೆ ಬಂದು ಚಪ್ಪಲಿ ಬಿಟ್ಟಳೋ ಇಲ್ಲವೋ, ನೆಲಕ್ಕೆ ಬಿದ್ದು ಹೊರಳಾಡಿ ಅಳು. ದಿನವಿಡೀ ಗುಂಯ್ ಅಂತ ಗುನುಗುತ್ತಾಳೆ, ಹೆಸರು ಸುಮ್ಮನೆ ಬಂದಿದ್ದಲ್ಲ. ಕೊನೆಗೆ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರಕೊಂಡು ಹೋದೆ. ಮೂರು ದಿನ ಪರೀಕ್ಷೆ ಮಾಡಿ ಸೌಮ್ಯ ರೂಪದ ಆಟಿಸಂ ಅಂದರು. ಮೊದಲು ಇಂಥದ್ದಕ್ಕೆ ಬೇರೆ ಬೇರೆ ಹೆಸರಿದ್ದವಂತೆ, ಈಗ ಎಲ್ಲಾ ಒಂದೇ ಹೆಸರಿನ ಕೆಳಗೆ ತಂದಿದ್ದಾರಂತೆ. ಇನ್ನೂ ಏನೇನೋ ಹೇಳಿದರು. ನನ್ನ ಕಿವಿಗೆ ಏನೂ ಬೀಳಲಿಲ್ಲ. ನಿನ್ನ ಮುಖವೇ ಕಣ್ಣೆದುರು ನಿಂತಿತ್ತು. ಥೇಟ್ ನೀನೇ ಕಣೋ!

ನಿನ್ನನ್ನು ಸಾಕಿದ್ದೀನಲ್ಲ ನಾನು. ನಿನ್ನಂಥವಳನ್ನು ನಿನಗಿಂತ ಚೆನ್ನಾಗಿ ಯಾರು ನೋಡಿಕೊಳ್ತಾರೆ? ಇಲ್ಲ ಅನ್ನಬೇಡ. ಕೈ ಮುಗೀತೀನಿ.

ಇಂತಿ ಗಾಬರಿಬಿದ್ದ
ಅಕ್ಕ


ಫೆಬ್ರವರಿ 15

ಅಕ್ಕನಿಗೆ,

ಪತ್ರ ಹದಿಮೂರರಂದು ತಲುಪಿತು. ಎರಡು ದಿನ ಯೋಚಿಸಿದೆ. ಮೊದಲು 'ಆಗುವುದಿಲ್ಲ' ಎಂದು ಬರೆದೆ, ಹರಿದು ಹಾಕಿದೆ. ನಿನಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಎಣಿಸಿ ನೋಡಿದೆ. ಇಲ್ಲ. ಆದ್ದರಿಂದ ಕಳಿಸು.

ಥೇಟ್ ನಾನೇ ಎಂದಿದ್ದೀಯ. ಯಾವ ವಿಷಯದಲ್ಲಿ ಎಂದು ಬರೆದಿಲ್ಲ. ನನ್ನನ್ನು ಯಾವ ಡಾಕ್ಟರೂ ಪರೀಕ್ಷೆ ಮಾಡಿಲ್ಲ. ಎಲ್ಲವನ್ನೂ ಅಳೆಯುತ್ತಾನೆಂದು ನೀನಿಟ್ಟ ಇಂಚುಪಟ್ಟಿ ಬಿಟ್ಟರೆ ನನಗೆ ಯಾರೂ ಹೆಸರಿಟ್ಟಿಲ್ಲ. ಸೌಮ್ಯ ಎಂದರೆ ಯಾರಿಗೆ ಸೌಮ್ಯ ಎಂದೂ ಅರ್ಥವಾಗಲಿಲ್ಲ. ನೋಡುವವರಿಗೆ ಇರಬಹುದು. ಒಳಗಿರುವವನಿಗೆ ಕೆಲವು ದಿನ ಸೌಮ್ಯವಾಗಿರುವುದಿಲ್ಲ.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ದಿನಕ್ಕೆ ನಾಲ್ಕೈದು ಹೊಲಿಗೆ ಯಂತ್ರ ಬಿಚ್ಚಿ, ಎಣ್ಣೆ ಹಾಕಿ, ಜೋಡಿಸುತ್ತೇನೆ. ಯಂತ್ರದ ಸದ್ದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತಿರುತ್ತದೆ. ಮನುಷ್ಯರದ್ದು ಹಾಗಲ್ಲ. ಅದಕ್ಕೇ ಫೋನಿನಲ್ಲಿ ಮಾತಾಡಲು ನನ್ನಿಂದ ಆಗುವುದಿಲ್ಲ, ಎದುರಿನವರು ಮುಗಿಸಿದರೋ ಇಲ್ಲವೋ ತಿಳಿಯುವುದೇ ಇಲ್ಲ.

ಏನು ಮಾಡಬೇಕು, ಏನು ಮಾಡಬಾರದು, ಬಿಡಿಸಿ ಬರೆದು ಕಳಿಸು. 'ಚೆನ್ನಾಗಿ ನೋಡಿಕೋ' ಎಂದು ಬರೆದರೆ ಪ್ರಯೋಜನವಿಲ್ಲ. ನೀನು ಬರೆದದ್ದನ್ನು ಬರೆದ ಹಾಗೆಯೇ ಮಾಡುತ್ತೇನೆ.

ತಮ್ಮ


ಮಾರ್ಚ್ 3

ನನ್ನಪ್ಪಾ,

ಬದುಕಿಸಿದೆ! ನಿನ್ನ ಪತ್ರ ಓದಿ ಇಸ್ತ್ರಿ ಮೇಜಿನ ಮುಂದೆಯೇ ಕೂತು ಅತ್ತೆ. ಒಂದು ದಿಂಬಿನ ಚೀಲ ಸುಟ್ಟೂ ಹೋಯ್ತು, ಮೇಸ್ತ್ರಿ ಕೈಲಿ ಬೈಸಿಕೊಂಡೆ.

ಇದರ ಜೊತೆ ಪಟ್ಟಿ ಇದೆ, ಮೂವತ್ತೆರಡು ಅಂಶ. ಒಂದೇ ಏಟಿಗೆ ಕೂತು ಬರೆದೆ, ಒಂದು ಕಡೆಯೂ ಕೈ ತಡವರಿಸಲಿಲ್ಲ. ಏಳು: ಪಲ್ಯ ಅನ್ನಕ್ಕೆ ತಾಗಬಾರದು, ಬೇರೆ ತಟ್ಟೆ. ಒಂಬತ್ತು: ಹಾಲಿನಲ್ಲಿ ಕೆನೆ ಕಾಣಬಾರದು. ಹದಿನಾಲ್ಕು: ಅಂಗಿಯ ಕತ್ತಿನ ಹತ್ತಿರದ ಚೀಟಿ ಕತ್ತರಿಸಿ ತೆಗೆದುಬಿಡು, ಚುಚ್ಚುತ್ತೆ. ಎಲ್ಲಕ್ಕಿಂತ ಮುಖ್ಯ ಹನ್ನೊಂದು. ಅಳೋಕೆ ಶುರು ಮಾಡಿದರೆ ಮಾತಾಡಿಸಬೇಡ, ಮುಟ್ಟಲೇಬೇಡ. ಕಿಟಕಿ ಮುಚ್ಚಿದ ಕೋಣೆಗೆ ಬಿಟ್ಟು ಬಾಗಿಲು ಹಾಕು. ಹೊರಗಡೆ ಕೂತಿರು, ಆದರೆ ಕೂತಿದ್ದೀಯ ಅಂತ ಒಳಗೆ ಗೊತ್ತಾಗಬಾರದು. ಉಸಿರೂ ಕೇಳಿಸಬಾರದು.

ರಿಪೋರ್ಟು ಬಂದಾಗಿನಿಂದ ನಾನೂ ಇದನ್ನೇ ಮಾಡ್ತಿದ್ದೀನಿ. ತಬ್ಬಿಕೊಳ್ಳೋದು ಬಿಟ್ಟಿದ್ದೀನಿ. ಇಷ್ಟು ವರ್ಷ ಗೊತ್ತಿಲ್ಲದೆ ಅವಳಿಗೆ ಹಿಂಸೆ ಕೊಟ್ಟೆನಲ್ಲ ಅಂತ ಕರುಳು ಚುರುಕ್ ಅನ್ನುತ್ತೆ. ಮೊದಮೊದಲು ಬಂದು ಬಂದು ಮೈಮೇಲೆ ಬೀಳ್ತಿದ್ದಳು, ನಾನೇ ಹಿಂದೆ ಸರೀತಿದ್ದೆ. ಈಗ ಬರಲ್ಲ. ಎಷ್ಟು ತಣ್ಣಗಿದ್ದಾಳೆ ಅಂತೀಯ! ಗೋಡೆ ಕಡೆ ತಿರುಗಿ ಮಲಗ್ತಾಳೆ. ಕೆಲಸ ಮಾಡ್ತಿದೆ ಅಂತ ಕಾಣುತ್ತೆ.

ಏಳನೇ ತಾರೀಖು ಬೆಳಿಗ್ಗೆ ಬಸ್ಸಿಗೆ ಕರಕೊಂಡು ಬಂದು ಬಿಟ್ಟು, ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಅವಳಿಗೆ ಪ್ರಾಣಿಗಳ ಹಲ್ಲಿನ ಹುಚ್ಚು. ಯಾರಾದರೂ ಆಕಳಿಸಿದರೆ ಬಾಯೊಳಗೆ ಇಣುಕ್ತಾಳೆ, ಬೇಜಾರು ಮಾಡ್ಕೋಬೇಡ.

ಅಕ್ಕ


ಮಾರ್ಚ್ 11

ಅಕ್ಕನಿಗೆ,

ದುಂಬಿ ಬಂದು ನಾಲ್ಕು ದಿನವಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊದಲನೆಯ ದಿನ ಸಂಜೆಯವರೆಗೂ ಮಾತಾಡಿದಳು. ಮೊಸಳೆ ಹಲ್ಲು ಬಿದ್ದರೆ ಮತ್ತೆ ಬರುತ್ತದೆ ಎಂದು ಹೇಳಿದಳು. ಯಂತ್ರ ತಂದಿದ್ದ ಮುದುಕರೊಬ್ಬರಿಗೆ ಹಲ್ಲುಸೆಟ್ಟು ತೆಗೆದು ತೋರಿಸುತ್ತೀರಾ ಎಂದು ಕೇಳಿದಳು. ಅವರು ತೋರಿಸಿದರು. ಹನ್ನೆರಡು ವರ್ಷದಿಂದ ಬರುವ ಗಿರಾಕಿ, ಅವರು ನಕ್ಕದ್ದನ್ನು ಅಂದೇ ನೋಡಿದೆ.

ಮಾತಿನ ನಡುನಡುವೆ ಗುನುಗಿದಳು. ಅದು ನನ್ನ ತಲೆಯೊಳಗೆ ಸೂಜಿ ಓಡಿಸಿದ ಹಾಗಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಂತಿ ಬರುವಂತಾಯಿತು. ನಿಲ್ಲಿಸು ಎಂದೆ. ತಕ್ಷಣ ನಿಲ್ಲಿಸಿ, 'ಸಾರಿ ಮಾಮ' ಎಂದು ನಕ್ಕಳು. ಆ ನಗು ಮುದುಕರದ್ದಿದ್ದ ಹಾಗೇ ಇತ್ತು, ತುಟಿ ವಾರೆಯಾಗಿದ್ದದ್ದು ಕೂಡ.

ಎರಡನೆಯ ದಿನ ಬೀದಿಯಲ್ಲಿ ಪೈಪು ಹಾಕಲು ಅಗೆಯುತ್ತಿದ್ದರು. ಸಂಜೆ ನಾಲ್ಕಕ್ಕೆ ನೆಲಕ್ಕೆ ಬಿದ್ದು ಅಳತೊಡಗಿದಳು. ನಾನು ಹನ್ನೊಂದನೆಯ ಅಂಶದ ಪ್ರಕಾರ ನಡೆದುಕೊಂಡೆ. ಕೋಣೆಗೆ ಬಿಟ್ಟೆ, ಬಾಗಿಲು ಹಾಕಿದೆ, ಹೊರಗೆ ಕೂತೆ, ಸದ್ದು ಮಾಡಲಿಲ್ಲ. ಐವತ್ತು ನಿಮಿಷ ಬಾಗಿಲು ಬಡಿದಳು. ಆಮೇಲೆ ನಿಂತಿತು.

ಅಂದಿನಿಂದ ಅವಳು ಮಾತಾಡಿಲ್ಲ. ಮೂರು ದಿನ. ಬ್ರೆಡ್ಡಿನ ಅಂಚು ಬಿಟ್ಟು ಬೇರೇನೂ ತಿಂದಿಲ್ಲ. ಪಟ್ಟಿಯನ್ನು ನಾಲ್ಕು ಸಲ ತಾಳೆ ನೋಡಿದೆ. ಒಂದು ಅಂಶವೂ ತಪ್ಪಿಲ್ಲ, ನನಗೆ ಹೆದರಿಕೆಯಾಗುತ್ತಿರುವುದು ಅದಕ್ಕೇ. ಏನು ಮಾಡಲಿ, ಬೇಗ ಬರೆ.

ತಮ್ಮ


ಮಾರ್ಚ್ 14, ತುರ್ತು ಅಂಚೆ

ಅಯ್ಯೋ ದೇವರೇ, ಮೂರು ದಿನ ಮಾತಿಲ್ಲ ಅಂದರೆ ಏನೋ ಅರ್ಥ!

ಪತ್ರ ಓದಿದವಳೇ ನರ್ಸಿನ ಫೋನ್ ಇಸ್ಕೊಂಡು ನಿನಗೆ ಮಾಡಿದೆ. ಎತ್ತಿದವನು 'ಪತ್ರ ಬರಿ' ಅಂತ ಇಟ್ಟುಬಿಟ್ಟೆಯಲ್ಲ, ನಿನಗೆ ಎಷ್ಟು ಬೈದರೂ ಸಾಲದು. ಬೈಯೋಕೆ ಬಾಯೂ ಬರ್ತಿಲ್ಲ. ನಾನೇ ತಾನೇ ಕಳಿಸಿದ್ದು? ಇವಳು ಇನ್ನೂ ಹಟ ಹಿಡಿಯೋ ಪುಟ್ಟ ಮಗು ಅಂತ ಬೈದಿದ್ದೆ ಒಂದೊಂದು ಸಲ, ಎಲ್ಲಾ ನೆನಪಾಗ್ತಿದೆ.

ಕೇಳು. ಆಪರೇಷನ್ ಬೇಡ. ಡಾಕ್ಟರಿಗೆ ಹೇಳ್ತೀನಿ. ಅವರು ಈಗಾಗಲೇ ತಡವಾಗಿದೆ, ಇನ್ನು ಮುಂದಕ್ಕೆ ಹಾಕೋ ಹಾಗಿಲ್ಲ ಅಂತ ಕಣ್ಣು ಕೆಂಪಗೆ ಮಾಡ್ತಾರೆ, ಮಾಡಲಿ. ಗಡ್ಡೆ ಇಷ್ಟು ದಿನ ಇದ್ದಿದ್ದು ಇನ್ನಷ್ಟು ದಿನ ಇರುತ್ತೆ. ಇಲ್ಲಿಂದ ಬಿಡಿಸಿಕೊಂಡು ಹದಿನೆಂಟಕ್ಕೆ ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ. ಅಲ್ಲಿವರೆಗೆ ಪಟ್ಟಿ ಬಿಡಬೇಡ. ನನಗೆ ಗೊತ್ತಿರೋದು ಅದೊಂದೇ.

ಒಂದು ತುತ್ತಾದರೂ ತಿನ್ನಿಸೋ. ದಮ್ಮಯ್ಯ.

ಅಕ್ಕ


ಮಾರ್ಚ್ 16, ತುರ್ತು ಅಂಚೆ

ಅಕ್ಕನಿಗೆ,

ಬರಬೇಡ. ದುಂಬಿ ಮಾತಾಡಿದಳು, ಊಟ ಮಾಡಿದಳು. ಇಷ್ಟನ್ನು ಎರಡು ಸಲ ಓದಿಕೊಂಡು ಆಮೇಲೆ ಮುಂದೆ ಓದು.

ನಿನ್ನೆ ಬೆಳಿಗ್ಗೆ ಅವಳ ಬಟ್ಟೆ ಒಗೆಯಲು ತೆಗೆದೆ. ಒಂದು ಅಂಶವೂ ತಪ್ಪಿಲ್ಲ ಎಂದು ಬರೆದಿದ್ದೆ, ಹದಿನಾಲ್ಕನೆಯದು ಕಣ್ತಪ್ಪಿತ್ತೆಂದು ಆಗ ನೆನಪಾಗಿ ಕತ್ತರಿ ತಂದೆ. ಅವಳ ಐದು ಅಂಗಿಗಳಲ್ಲೂ ಚೀಟಿ ಹಾಗೇ ಇತ್ತು. ಹೆತ್ತವಳೇ ಕತ್ತರಿಸಿಲ್ಲವಲ್ಲ ಎಂದು ಯೋಚಿಸುತ್ತಾ ನನ್ನ ಅಂಗಿಗಳನ್ನು ನೋಡಿದೆ. ಒಂದಕ್ಕೂ ಚೀಟಿ ಇಲ್ಲ.

ಆಗ ಪಟ್ಟಿ ಮತ್ತೆ ಓದಿದೆ. ಬೇರೆ ತಟ್ಟೆ, ನನಗೆ. ಕೆನೆ ಕಂಡರೆ ಆಗದವನು ನಾನು. ಅವಳು ಮೊದಲನೆಯ ದಿನ ಪಾತ್ರೆಯ ಕೆನೆಯನ್ನು ಬೆರಳಲ್ಲಿ ತೆಗೆದು ತಿಂದಿದ್ದಳು. ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ನಾನು. ಅಕ್ಕ, ನೀನು ದುಂಬಿಯ ಪಟ್ಟಿ ಬರೆದಿಲ್ಲ. ನನ್ನದನ್ನು ಬರೆದಿದ್ದೀಯ.

ಅವಳ ಚೀಲದಲ್ಲಿ ಡಾಕ್ಟರಮ್ಮನ ರಿಪೋರ್ಟು ಇತ್ತು. ಎಂಟು ಪುಟ. ಎರಡನೆಯದರಿಂದ ಮುಂದಿನ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ನೀನು ಬಿಡಿಸಿಲ್ಲ. ನಾನು ಬಿಡಿಸಿ ಓದಿದೆ. ಬಿಗಿಯಾಗಿ ಅಪ್ಪಿ ಹಿಡಿದರೆ ಇವಳಿಗೆ ಸಮಾಧಾನವಾಗುತ್ತದೆ ಎಂದಿದೆ. ಗುನುಗುವುದು ತನ್ನನ್ನು ತಾನು ಸಂಭಾಳಿಸಿಕೊಳ್ಳುವ ರೀತಿ ಎಂದಿದೆ. ಹೊರಗಿನವರ ಮುಂದೆ ಅವರ ನಗು, ಮಾತು, ನಡೆ ಎಲ್ಲವನ್ನೂ ನೋಡಿ ಕಲಿತು ಹಾಗೇ ನಡೆಯುತ್ತಾಳೆ, ಅದರಿಂದ ದಣಿದು ಮನೆಯಲ್ಲಿ ಕುಸಿಯುತ್ತಾಳೆ ಎಂದಿದೆ. ನನಗೆ ಇನ್ನೊಬ್ಬರ ಹಾಗೆ ನಟಿಸಲು ಬಂದೇ ಇಲ್ಲ. ನಾನು ಬಾಯಿ ಮುಚ್ಚಿದ್ದರೆ ನೆಮ್ಮದಿಯಾಗಿದ್ದೇನೆ ಎಂದರ್ಥ. ಅವಳು ಬಾಯಿ ಮುಚ್ಚಿದ್ದರೆ ಏನೋ ಮುರಿದಿದೆ ಎಂದರ್ಥ. ಹೆಸರು ಒಂದೇ ಇರಬಹುದು. ಮೊನ್ನೆ ಕೇಳಿದ್ದರೆ ನಾನೂ ಒಂದೇ ಎನ್ನುತ್ತಿದ್ದೆ.

ಅವಳನ್ನು ಹುಡುಕಿಕೊಂಡು ಹೋದೆ. ಅಂಗಡಿಯ ಮೂಲೆಯಲ್ಲಿ ಯಂತ್ರಗಳಿಗೆ ಹೊದಿಸುವ ದಪ್ಪ ಗೋಣಿಬಟ್ಟೆಗಳ ರಾಶಿಯಡಿ ಹೊಕ್ಕು ಮಲಗಿದ್ದಳು. ಭಾರ ಬೇಕಾ ಎಂದೆ. ಹೌದೆಂದು ತಲೆ ಆಡಿಸಿದಳು. ಇನ್ನೂ ನಾಲ್ಕು ಹೊದಿಸಿದೆ. ಹದಿನೈದು ನಿಮಿಷದ ಮೇಲೆ ಒಳಗಿನಿಂದ, 'ಮಾಮ, ನನ್ನನ್ನು ಯಾಕೆ ಕೂಡಿ ಹಾಕಿದೆ?' ಎಂದಳು. ಅವಳಿಗೆ ಅದು ಶಿಕ್ಷೆ ಅನ್ನಿಸಿತ್ತು. ನನಗೆ ಚಿಕ್ಕಂದಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ತಪ್ಪಾಯಿತು ಎಂದೆ.

ಅವಳನ್ನು ತಬ್ಬಲು ನನ್ನಿಂದ ಆಗುವುದಿಲ್ಲ, ಹಾಗೆಂದು ಹೇಳಿದೆ. ಬೆನ್ನಿಗೆ ಬೆನ್ನು ಒತ್ತಿ ಕೂರಬಹುದು, ಹತ್ತು ನಿಮಿಷ. ಅವಳು ಹನ್ನೆರಡು ಎಂದಳು. ಹನ್ನೊಂದಕ್ಕೆ ಒಪ್ಪಿದೆವು. ನಾನು ಯಂತ್ರ ಓಡಿಸುವಾಗ ಅವಳು ಎಷ್ಟು ಬೇಕಾದರೂ ಗುನುಗಬಹುದು. ಆಗ ನನಗೆ ಕೇಳಿಸುವುದಿಲ್ಲ.

ಒಂದು ಪ್ರಶ್ನೆ. ಹನ್ನೊಂದನೆಯ ಅಂಶದಲ್ಲಿ ಹೊರಗೆ ಕೂತಿರು, ಒಳಗೆ ಗೊತ್ತಾಗಬಾರದು ಎಂದು ಬರೆದಿದ್ದೀಯ. ನಾನು ಒಳಗಿದ್ದಾಗ ನೀನು ಹೊರಗೆ ಕೂರುತ್ತಿದ್ದೆಯಾ? ನನಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ಒಬ್ಬನೇ ಇದ್ದೆ ಅಂದುಕೊಂಡಿದ್ದೆ.

ಇಪ್ಪತ್ತಕ್ಕೆ ಆಪರೇಷನ್ ಮಾಡಿಸಿಕೋ.

ತಮ್ಮ


ಅದೇ ಲಕೋಟೆಯಲ್ಲಿ

ಅಮ್ಮಾ,

ಬಸವನಹುಳುವಿನ ಬಾಯಲ್ಲಿ ಸಾವಿರಾರು ಹಲ್ಲಿರುತ್ತೆ ಅಂತ ಹೇಳಿದರೆ ಮಾಮ ನಂಬಲೇ ಇಲ್ಲ, ಪುಸ್ತಕ ತೋರಿಸಿದ ಮೇಲೆ ಕ್ಷಮಿಸು ಅಂದ. ನೀನು ಯಾವತ್ತೂ ಹಾಗೆ ಅನ್ನಲ್ಲ, ಹೂಂ ಹೂಂ ಅಂತೀಯ.

ಮಾಮ ನನ್ನ ಹಾಗಿಲ್ಲ. ಟಿವಿ ಇಲ್ಲ. ದಿನಾ ಅದೇ ಊಟ ಮಾಡ್ತಾನೆ. ನಾನು ತಮಾಷೆ ಮಾಡಿದರೆ ಇದು ತಮಾಷೆನಾ ಅಂತ ಕೇಳ್ತಾನೆ, ಹೌದು ಅಂದರೆ ಆಮೇಲೆ ನಗ್ತಾನೆ. ಇಲ್ಲಿ ನಾನು ಯಾರ ಥರಾನೂ ನಗೋದು ಬೇಡವಂತೆ.

ರಿಪೋರ್ಟು ಬಂದಮೇಲೆ ನೀನು ನನ್ನ ತಬ್ಬಿಕೊಳ್ಳಲಿಲ್ಲ. ಡಾಕ್ಟರಮ್ಮನ ಪರೀಕ್ಷೆಯಲ್ಲಿ ನಾನು ಫೇಲ್ ಆದೆ ಅಂದ್ಕೊಂಡೆ. ಫೇಲಾ? ಮಾಮ ಅದು ಅಂಥ ಪರೀಕ್ಷೆ ಅಲ್ಲ ಅಂದ. ಆದರೆ ನೀನೇ ಹೇಳಬೇಕು.

ನಿನ್ನ ಹೊಟ್ಟೆ ಕೊಯ್ಯುವಾಗ ನೋಯಲ್ಲ ಅಂತ ಮಾಮ ಹೇಳಿದ. ಆಮೇಲೆ ನೋಯುತ್ತೆ ಅಂತಾನೂ ಹೇಳಿದ.

ದುಂಬಿ


ಮಾರ್ಚ್ 29

ಇಂಚುಪಟ್ಟಿ,

ಮಲಗಿಕೊಂಡೇ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ. ಆಪರೇಷನ್ ಆಯ್ತು. ಗಡ್ಡೆ ತೆಗೆದಿದ್ದಾರೆ. ಎಂಟನೇ ತಾರೀಖಿಗೆ ಪರೀಕ್ಷೆಯ ಫಲಿತಾಂಶ ಹೇಳ್ತಾರಂತೆ, ಮಧ್ಯಾಹ್ನ ಹನ್ನೆರಡಕ್ಕೆ.

ದುಂಬಿಯ ಪತ್ರ ದಿಂಬಿನ ಕೆಳಗಿದೆ. ಫೇಲಾ ಅಂತ ಕೇಳಿದ್ದಾಳಲ್ಲೋ. ಅದನ್ನು ಓದಿದಾಗಿನಿಂದ ಹೊಲಿಗೆ ಹಾಕಿದ ಜಾಗಕ್ಕಿಂತ ಎದೆಯೇ ಜಾಸ್ತಿ ನೋಯ್ತಿದೆ. ಅವಳಿಗೆ ಬೇರೆ ಪತ್ರ ಬರೆದಿದ್ದೀನಿ, ಕೊಡು. ಹನ್ನೊಂದು ವರ್ಷ ಅವಳು ಅತ್ತಾಗೆಲ್ಲ ನನ್ನ ಕೈ ತಾನಾಗೇ ಅವಳನ್ನು ಬಿಗಿಯಾಗಿ ತಬ್ಬಿ ಹಿಡೀತಿತ್ತು. ಕೈಗೆ ಗೊತ್ತಿತ್ತು. ಒಂದು ಕಾಗದ ಬಂತು ನೋಡು, ಕೈಯನ್ನೇ ನಂಬದೆ ಹೋದೆ. ಒಬ್ಬನನ್ನು ಬೆಳೆಸಿದ್ದೀನಿ, ಎಲ್ಲಾ ಗೊತ್ತು ಅನ್ನೋ ಜಂಬ ನನಗೆ.

ಕೂರ್ತಿದ್ದೆ ಕಣೋ. ಆ ಬಾಗಿಲ ಹೊರಗೆ. ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡ್ತಿದ್ದೆ, ಹಾಳೆ ತಿರುಗಿಸಿದರೆ ಸದ್ದಾಗುತ್ತೆ ಅಂತ ಒಂದೇ ಹಾಳೆಯಲ್ಲಿ ಒತ್ತೊತ್ತಿ ಬರೀತಿದ್ದೆ. ಒಳಗಿಂದ ನೀನು ಒಂದು, ಎರಡು ಅಂತ ಎಣಿಸೋದು ಕೇಳಿಸ್ತಿತ್ತು. ನೀನು ನಾನೂರು ದಾಟಿದರೆ ಸರಿಹೋಗ್ತೀಯ ಅಂತ ನನಗೆ ಗೊತ್ತಿತ್ತು. ಹೇಳಬೇಕು ಅಂತ ಯಾವತ್ತೂ ಅನ್ನಿಸಲೇ ಇಲ್ಲ.

ಅವಳು ಸರಿಯಾಗಿ ಊಟ ಮಾಡ್ತಾಳಾ? ತಲೆ ಬಾಚ್ತೀಯಾ? ಸಿಕ್ಕು ಬಿಡಿಸುವಾಗ ಕೆಳಗಿನಿಂದ ಶುರು ಮಾಡು. ಸ್ಕೂಲಿಗೆ ಏನು ಹೇಳೋದು ಅಂತ ಡಾಕ್ಟರಮ್ಮನನ್ನು ಕೇಳಬೇಕು. ಇನ್ನೊಂದೇನೋ ಕೇಳಬೇಕಂತಿದ್ದೆ. ಬೇಡ, ಬಿಡು. ನರ್ಸು ಮಲಕ್ಕೋ ಅಂತ ಗದರ್ತಿದ್ದಾಳೆ.

ಅಕ್ಕ


ಏಪ್ರಿಲ್ 4

ಅಕ್ಕನಿಗೆ,

ಊಟ ಮಾಡುತ್ತಾಳೆ. ತಲೆ ಅವಳೇ ಬಾಚಿಕೊಳ್ಳುತ್ತಾಳೆ, ಹಿಂದಿನ ಸಿಕ್ಕು ನಾನು ಬಿಡಿಸುತ್ತೇನೆ, ಕೆಳಗಿನಿಂದಲೇ. ನಿನ್ನ ಪತ್ರ ಅವಳಿಗೆ ಕೊಟ್ಟೆ. ಗೋಣಿಬಟ್ಟೆಯಡಿ ತೆಗೆದುಕೊಂಡು ಹೋಗಿ ಓದಿದಳು. ಏನು ಬರೆದಿದ್ದೀಯ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೀನು ಕೇಳದೆ ಬಿಟ್ಟ ಪ್ರಶ್ನೆ ನನಗೆ ತಿಳಿಯಲು ಎರಡು ದಿನ ಬೇಕಾಯಿತು. ಸೂಚ್ಯವಾಗಿ ಹೇಳಿದ್ದು ನನಗೆ ತಟ್ಟನೆ ಹೊಳೆಯುವುದಿಲ್ಲ. ಎಂಟನೆಯ ತಾರೀಖು ಕೆಟ್ಟ ಸುದ್ದಿ ಬಂದರೆ, ಆಮೇಲೆ ನೀನಿಲ್ಲದೆ ಹೋದರೆ ದುಂಬಿ ಎಲ್ಲಿ, ಅದು ತಾನೇ? ಹೆದರಬೇಡ ಎಂದು ಬರೆಯಲು ಬರುವುದಿಲ್ಲ. ಫಲಿತಾಂಶ ನನಗೆ ಗೊತ್ತಿಲ್ಲ, ನನಗೂ ಹೆದರಿಕೆಯಿದೆ. ಆದರೆ ಪ್ರಶ್ನೆಗೆ ಉತ್ತರ ಇದೆ. ಇಲ್ಲಿ.

ಇದು ನನಗೆ ಸುಲಭವಲ್ಲ, ನಿನಗೆ ಸುಳ್ಳು ಹೇಳುವುದಿಲ್ಲ. ಸಂಜೆಯಾದರೆ ತಲೆ ಸಿಡಿಯುತ್ತದೆ. ನನ್ನ ಮಂಚ ಅಂಗಡಿಗೆ ಸಾಗಿಸಿದ್ದೇನೆ, ಹಿಂದಿನ ಎರಡೂ ಕೋಣೆ ಅವಳಿಗೆ. ಅವಳನ್ನೂ ಕೇಳಿದೆ. 'ನಡುವೆ ಒಂದು ಬಾಗಿಲು ಇರಬೇಕು, ಅದಕ್ಕೆ ಚಿಲಕ ಇರಬಾರದು' ಎಂದಳು. ಚಿಲಕ ಬಿಚ್ಚಿ ತೆಗೆದೆ. ಅವಳು ನನ್ನ ಹಾಗಿದ್ದಾಳೆ ಎಂದು ಇಟ್ಟುಕೊಳ್ಳುತ್ತಿಲ್ಲ. ಹಾಗಿಲ್ಲ ಎಂದು ಈಗ ಗೊತ್ತಿರುವುದರಿಂದ ಪ್ರತಿ ಸಲ ಕೇಳಿಯೇ ಮಾಡುತ್ತೇನೆ.

ಎಂಟಕ್ಕೆ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಬಸ್ಸಿನಲ್ಲಿ ಜನ ಇರುತ್ತಾರೆ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನೀನು ನಡುವೆ ಕೂರು. ನಾನು ಒಂದು ಪಕ್ಕ, ಒಂದು ಮಾತೂ ಆಡುವುದಿಲ್ಲ. ದುಂಬಿ ಇನ್ನೊಂದು ಪಕ್ಕ, ನಿಲ್ಲಿಸದೆ ಮಾತಾಡುತ್ತಾಳೆ. ನಿನಗೆ ಆಗ ಯಾವುದು ಬೇಕೋ ಆ ಕಡೆ ಒರಗಿಕೋ. ನನ್ನ ಕಡೆ ಒರಗಿದರೂ ಸರಿ, ನಾನು ಸರಿಯುವುದಿಲ್ಲ.

ತಮ್ಮ